ಎಡಗಂಬದ ಕಾವಲು

ನಮ್ಮ ತಂಡ ಸೋಲಲಿ ಎಂದು ನಾನು ಹರಕೆ ಹೊತ್ತದ್ದು ಜೀವನದಲ್ಲಿ ಒಂದೇ ಸಲ. ಆ ಸಿಟ್ಟಿಗೆ ಇವತ್ತಿಗೂ ಊರಿನ ಕೆಲವರು ನನ್ನ ಅಂಗಡಿಯಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುವುದಿಲ್ಲ. ತಿನ್ನದಿದ್ದರೆ ಬಿಡಲಿ, ನನಗೆ ಎಣ್ಣೆ ಉಳಿಯಿತು.

ನನ್ನ ಹೆಸರು ಬೊಮ್ಮಲಿಂಗಪ್ಪ. ತಳಕಿನ ಫುಟ್‌ಬಾಲ್ ಗ್ರೌಂಡಿನ ಗೇಟಿಗೆ ಅಂಟಿಕೊಂಡಂತೆ ನನ್ನ ಮಂಡಕ್ಕಿ ಅಂಗಡಿ ಇದೆ. ಸುತ್ತಲಿನ ಊರುಗಳಿಗೆಲ್ಲ ಕಬಡ್ಡಿ, ಕ್ರಿಕೆಟ್ಟಿನ ಹುಚ್ಚು. ನಮಗೆ ಮಾತ್ರ ಫುಟ್‌ಬಾಲ್. ಹಿಂದೆ ಇದ್ದ ಡ್ರಿಲ್ ಮೇಷ್ಟ್ರೊಬ್ಬರು ಹಚ್ಚಿ ಹೋದ ಹುಚ್ಚು ಅದು. ತಂಡಕ್ಕೆ 'ತಳಕು ಕಿಲಾರಿ' ಎಂದು ಹೆಸರಿಟ್ಟವರೂ ಅವರೇ. ಕಿಲಾರಿ ಎಂದರೆ ದೇವರ ಎತ್ತುಗಳನ್ನು ಮೇಯಿಸುವವನು. ಆ ಎತ್ತುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಅವುಗಳಿಗೆ ಹೊಡೆಯುವುದಿಲ್ಲ, ಅವು ಹೊರಟ ದಾರಿಗೆ ಅಡ್ಡ ನಿಲ್ಲುವುದಿಲ್ಲ. ನಮ್ಮೂರ ಕಿಲಾರಿ ಸೂರಪ್ಪ. ಸೂರಪ್ಪನ ಒಬ್ಬನೇ ಮಗ ಚಿರಂಜೀವಿ ನಮ್ಮ ತಂಡದ ಗೋಲ್‌ಕೀಪರ್.

ಚಿರಂಜೀವಿ ಗೋಲಿನಲ್ಲಿ ನಿಂತನೆಂದರೆ ನಾನು ಬಾಣಲೆ ಕಡೆ ನೋಡಿಕೊಂಡು ಆರಾಮಾಗಿ ಇರಬಹುದಿತ್ತು. ಅವನಿಗೊಂದು ಚಾಳಿ. ಎದುರಾಳಿ ಚೆಂಡು ಹೊಡೆಯಲು ಓಡಿ ಬರುವಾಗ ಗ್ಲೌಸು ತೊಟ್ಟ ಎರಡೂ ಕೈಯನ್ನು ಟಪ್, ಟಪ್ ಎಂದು ತಟ್ಟುತ್ತಿದ್ದ. ಆಮೇಲೆ ತನ್ನ ಎಡಗಡೆಯ ಕಂಬಕ್ಕೆ ಹಿಮ್ಮಡಿ ತಾಗಿಸುತ್ತಿದ್ದ. ಆ ಟಪ್ ಟಪ್ ಕೇಳಿದ ಕೂಡಲೇ ನನ್ನ ಅಂಗಡಿ ಮುಂದಿನ ಜನ ತಿನ್ನುವುದನ್ನೂ ನಿಲ್ಲಿಸುತ್ತಿದ್ದರು.

ಇಂಥ ತಂಡವನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ವಿಶ್ವನಾಥ್ ಕೊಂಡುಕೊಂಡರು. ಬೂಟು, ಬನಿಯನ್ನು ಕೊಡಿಸುತ್ತೇನೆ ಎಂದಾಗ ಊರೇ ಹಾರ ಹಾಕಿತ್ತು, ನಾನೂ ಹಾಕಿದ್ದೆ. ಅವರು ಗ್ರೌಂಡಿಗೆ ಕಾಂಪೌಂಡು ಕಟ್ಟಿಸಿದರು, ಗೇಟಿಗೆ ಬೀಗ ಹಾಕಿಸಿದರು. 'ತಳಕು ಕಿಲಾರಿ' ಹೋಗಿ 'ಕಿಲಾರಿ ಕಿಂಗ್ಸ್' ಆಯಿತು. ದನ ಕಾಯುವವನಿಗೆ ಕಿರೀಟ ಯಾಕೆ ಬೇಕಿತ್ತೋ ಗೊತ್ತಿಲ್ಲ. ಮರದ ಗೋಲುಕಂಬ ಕಿತ್ತು ಕಬ್ಬಿಣದ್ದು ನಿಲ್ಲಿಸಿದರು. ಅದಕ್ಕೆ ಸುತ್ತಲೂ ದಪ್ಪ ಸ್ಪಂಜು ಕಟ್ಟಿಸಬೇಕಿತ್ತಂತೆ. ಕಟ್ಟಿಸಲಿಲ್ಲ.

ಹೋದ ವರ್ಷ ಕಡ್ಲೆಕಾಯಿ ಕೀಳುವ ಕಾಲ. ಒಂದು ಸಂಜೆ ಪ್ರಾಕ್ಟೀಸು ಮುಗಿದು ಹುಡುಗರೆಲ್ಲ ಹೋಗಿದ್ದರು. ಚಿರಂಜೀವಿ ಒಬ್ಬನೇ ಉಳಿದಿದ್ದ. ವಿಶ್ವನಾಥ್ ಅವರ ಕಾರಿನ ಡ್ರೈವರ್ ಚಿಕ್ಕಬಸಪ್ಪ ಸುಮ್ಮನೆ ಮೋಜಿಗೆ ಚೆಂಡು ಒದೆಯುತ್ತಿದ್ದ, ಇವನು ಹಿಡಿಯುತ್ತಿದ್ದ. ಹುಣಸೆಮರದ ಕಡೆಯ ಗೋಲು. ಒಂದು ಚೆಂಡಿಗೆ ಎಡಕ್ಕೆ ಹಾರಿದವನ ತಲೆ ಕಬ್ಬಿಣದ ಕಂಬಕ್ಕೆ ಬಡಿಯಿತು. ಮಾಲೀಕರೂ ಅಲ್ಲೇ ಇದ್ದರು. ಕಾರಿಗೆ ಹಾಕಿಕೊಂಡು ಚಳ್ಳಕೆರೆಯ ಆಸ್ಪತ್ರೆಗೆ ಹೊರಟರು. ಆಮೇಲೆ ಊರಿಗೆ ಬಂದ ಸುದ್ದಿ ಇಷ್ಟು: ಹುಡುಗ ದಾರಿಯಲ್ಲಿ ಮಾತಾಡುತ್ತಿದ್ದ, ಹಳ್ಳದ ಸೇತುವೆ ಹತ್ತಿರ ನೀರು ಕೇಳಿದ, ಅಲ್ಲೇ ಜೀವ ಹೋಯಿತು.

ಹೊರಗೆ ಎಲ್ಲೋ ಸತ್ತವರನ್ನು ಕರೆದು ತರುವ ಪದ್ಧತಿ ಸೂರಪ್ಪನ ಮನೆತನದಲ್ಲಿದೆ. ಜೀವ ಹೋದ ಜಾಗಕ್ಕೆ ದೇವರ ಎತ್ತನ್ನು ಹಿಡಿದುಕೊಂಡು ಹೋಗಬೇಕು. ಹೆತ್ತವಳು ಅಲ್ಲಿನ ಮಣ್ಣನ್ನು ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡು ಹೆಸರು ಹಿಡಿದು ಕರೆಯಬೇಕು. ಆಗ ಎತ್ತು ತಾನಾಗಿ ಮನೆ ಕಡೆ ತಿರುಗುತ್ತದೆ. ಎತ್ತಿನ ಹಿಂದೆ ತಾಯಿ, ತಾಯಿಯ ಹಿಂದೆ ಸತ್ತವರು. ಮನೆ ಮುಟ್ಟುವವರೆಗೆ ಆಕೆ ನಿಲ್ಲಬಾರದು, ಹಿಂದೆ ನೋಡಬಾರದು. ನಿಂತರೆ ಅವರೂ ಅಲ್ಲೇ ನಿಂತುಬಿಡುತ್ತಾರೆ.

ಸೇತುವೆಯ ಹತ್ತಿರ ನಾನೂ ಹೋಗಿದ್ದೆ. ಚಿರಂಜೀವಿಯ ತಾಯಿ ಕಾಟಮ್ಮ ಮಣ್ಣು ಕಟ್ಟಿಕೊಂಡು ಕರೆದಳು. ಎತ್ತು ತಿರುಗಲಿಲ್ಲ. ಗ್ರೌಂಡಿನ ದಿಕ್ಕಿಗೆ ಮುಖ ಮಾಡಿ ಮೂಸುತ್ತ ನಿಂತಿತೇ ಹೊರತು ಮನೆಯ ದಾರಿಗೆ ಹೆಜ್ಜೆ ಇಡಲಿಲ್ಲ. ಲಾರಿಗಳ ಸದ್ದಿಗೆ ಹೆದರಿದೆ ಎಂದು ನಾವೇ ಹೇಳಿಕೊಂಡೆವು. ಹಗ್ಗ ಹಿಡಿದು ಎಳೆದುಕೊಂಡು ಬಂದೆವು. ದೇವರ ಎತ್ತನ್ನು ಎಳೆದು ತಂದವರು ನಮ್ಮನ್ನು ಬಿಟ್ಟರೆ ಇನ್ನಾರೂ ಇರಲಾರರು.

ಕಾಟಮ್ಮ ಅವತ್ತೇ ಹೇಳಿದಳು, "ನನ್ ಮಗ ಬರ್ಲಿಲ್ಲಣ್ಣಾ. ನನ್ ಬೆನ್ನಿಂದೆ ಯಾರೂ ಇರ್ಲಿಲ್ಲ."

ದುಃಖದಲ್ಲಿ ಹೇಳುತ್ತಾಳೆ ಎಂದುಕೊಂಡೆ.

ಈ ವರ್ಷ ಲೀಗ್ ಶುರುವಾಯಿತು. ಹುಣಸೆಮರದ ಕಡೆಯ ಗೋಲಿನ ಮುಂದೆ ವಿಶ್ವನಾಥ್ ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು ಹಾಸಿಸಿ, ಸುತ್ತಲೂ ಗೇಣುದ್ದದ ಕಬ್ಬಿಣದ ಮೊಳೆ ಹೊಡೆಸಿದ್ದರು. ಆ ಕಡೆ ಒಂದಕ್ಕೇ ಯಾಕೆ ಎಂದು ಯಾರೂ ಕೇಳಲಿಲ್ಲ. ಪ್ರತಿ ಪಂದ್ಯದ ಮುಂಚೆ ಅಲ್ಲಿಯ ಎಡಗಂಬದ ಬುಡದಲ್ಲಿ ಕರ್ಪೂರವನ್ನೂ ಹಚ್ಚಿಸತೊಡಗಿದರು. ಹೊಸ ಗೋಲ್‌ಕೀಪರ್ ಬಿ.ಜಿ. ಕೆರೆಯ ಅಜ್ಜಪ್ಪ, ಒಳ್ಳೆಯ ಹುಡುಗ, ಆದರೆ ಚಿರಂಜೀವಿಯ ಕಾಲು ಭಾಗವೂ ಅಲ್ಲ. ಅಂಥವನು ಆ ಗೋಲಿಗೆ ನಿಂತಾಗ ಎಡಗಡೆಗೆ ಒಂದೇ ಒಂದು ಚೆಂಡು ಒಳಗೆ ಹೋಗಲಿಲ್ಲ. ಮೊದಲ ಪಂದ್ಯದಲ್ಲಿ ಅದೃಷ್ಟ ಅಂದೆವು. ಎರಡನೆಯದರಲ್ಲಿ ಗಾಳಿ ಅಂದೆವು. ಆಮೇಲೆ ಅನ್ನುವುದಕ್ಕೆ ಏನೂ ಉಳಿಯಲಿಲ್ಲ. ನೆಟ್ಟಗೆ ಒಳಗೆ ಹೋಗಬೇಕಾದ ಚೆಂಡು, ಎಡಗಂಬದ ಹತ್ತಿರ ಯಾವುದೋ ಅಂಗೈಗೆ ಬಡಿದ ಸದ್ದು ಮಾಡಿ ಹೊರಗೆ ಹೋಗುತ್ತಿತ್ತು. ಅಜ್ಜಪ್ಪ ನಿಂತಲ್ಲೇ ನಿಂತಿರುತ್ತಿದ್ದ.

ಒಂದು ಸಂಜೆ ಅವನು ಅಂಗಡಿಗೆ ಬಂದು ಮಂಡಕ್ಕಿ ಮುಂದಿಟ್ಟುಕೊಂಡು ತಿನ್ನದೆ ಕೂತ.

"ಏನಾಯ್ತಲೇ?" ಅಂದೆ.

"ಬೊಮ್ಮಣ್ಣ, ನಾನು ಎಡಗಡೆ ಹಾರಲ್ಲ. ಹಾರಕ್ಕೆ ಜಾಗ ಇಲ್ಲ. ಅಲ್ಲಿ ಯಾರೋ ನಿಂತವ್ರೆ. ಉಸಿರು ಬಿಡೋದು ನನ್ ಕಿವೀಗೆ ಕೇಳ್ತೈತೆ. ತುಂಬಾ ಸುಸ್ತಾದೋರ ಉಸಿರು."

ಬೈಯಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ, ಬೀಗ ಹಾಕಿದ ಖಾಲಿ ಗ್ರೌಂಡಿನಿಂದ, ಟಪ್ ಟಪ್ ಎಂದು ಕೇಳಿಸಿತು. ಆಮೇಲೆ ಕಬ್ಬಿಣಕ್ಕೆ ಹಿಮ್ಮಡಿ ತಾಗಿದ ಸಣ್ಣ ಸದ್ದು. ಅವತ್ತು ಒಲೆ ಆರಿಸುವುದನ್ನೂ ಮರೆತು ಮನೆಗೆ ಹೋದೆ.

ಚಿಕ್ಕಬಸಪ್ಪನಿಗೂ ಆ ಸದ್ದು ಕೇಳಿಸಿತ್ತು. ಅವನೇ ಸೂರಪ್ಪನ ಮನೆಗೆ ಬಂದು ಕಾಲು ಹಿಡಿದುಕೊಂಡ. ನಾನು ಅಲ್ಲೇ ಇದ್ದೆ.

"ಸೇತುವೆ ಹತ್ರ ಅಲ್ಲ ಸೂರಣ್ಣ. ಕಾರಿಗೆ ಹಾಕೋವಾಗ್ಲೇ ಉಸಿರಿರ್ಲಿಲ್ಲ. ಗ್ರೌಂಡಲ್ಲಿ ಸತ್ತ ಅಂದ್ರೆ ಕೇಸಾಗ್ತೈತೆ, ಗ್ರೌಂಡು ಮುಚ್ಚಿಸ್ತಾರೆ ಅಂತ ಸಾವ್ಕಾರ್ರು ಹಂಗೆ ಹೇಳು ಅಂದ್ರು. ರಕ್ತ ಬಿದ್ದ ಜಾಗ ಕಾಣ್ಬಾರ್ದು ಅಂತ ಹಾಸು ಹಾಕ್ಸಿದ್ರು."

ಸೂರಪ್ಪ ಎತ್ತಿನ ಗಂಗೆದೊಗಲು ಸವರುತ್ತ ನಿಂತ. ಕಾಟಮ್ಮ ಮಾತ್ರ ಮೂಲೆಯಲ್ಲಿಟ್ಟಿದ್ದ ಸೇತುವೆಯ ಮಣ್ಣಿನ ಗಂಟು ಬಿಚ್ಚಿ ಅಂಗಳಕ್ಕೆ ಸುರಿದಳು. ಅಷ್ಟು ತಿಂಗಳು ಅದಕ್ಕೆ ದೀಪ ಹಚ್ಚಿದ್ದಳು.

ಮರುದಿನ ನಾವೊಂದಿಷ್ಟು ಜನ ಅವಳ ಜೊತೆ ವಿಶ್ವನಾಥ್ ಅವರ ಹತ್ತಿರ ಹೋದೆವು. ಕಾಟಮ್ಮ ಕೇಳಿದ್ದು ಕೇಸಲ್ಲ, ಪರಿಹಾರವಲ್ಲ.

"ಸಾವ್ಕಾರ್ರೇ, ಆ ಹಾಸು ಒಂದೀಟು ಎತ್ತಿಸ್ರಿ. ಒಂದ್ ಹಿಡಿ ಮಣ್ಣು ತಗಂಡು ಹೋಗ್ತೀನಿ. ನನ್ ಮಗ ಅಲ್ಲೇ ನಿಂತವ್ನೆ."

ವಿಶ್ವನಾಥ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕಿಟಕಿಯ ಕಡೆ ನೋಡುತ್ತ, "ಫೈನಲ್ ಒಂದು ಮುಗೀಲಿ ಕಾಟಮ್ಮಾ. ತಂಡ ಗೆಲ್ತಾ ಐತೆ. ಅವನಿಗೂ ಗೆಲ್ಲೋದೇ ಇಷ್ಟ ಅಲ್ವಾ?" ಅಂದರು.

ಈ ಮನುಷ್ಯನಿಗೆ ಗೊತ್ತಿತ್ತು. ಪ್ರತಿ ಪಂದ್ಯದ ಮುಂಚೆ ಆ ಕಂಬದ ಬುಡದಲ್ಲಿ ಕರ್ಪೂರ ಹಚ್ಚಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಬದುಕಿದ್ದಾಗ ದುಡಿಸಿಕೊಂಡದ್ದು ಸಾಲದೆ ಸತ್ತವನನ್ನೂ ಮೊಳೆ ಹೊಡೆದು ನಿಲ್ಲಿಸಿಕೊಂಡಿದ್ದರು.

ಅವತ್ತಿನಿಂದ ನಮ್ಮ ಗಲಾಟೆ ಶುರು. ಮುಂದಿನ ಪಂದ್ಯದಲ್ಲಿ ಕಡ್ಲೆಕಾಯಿ ಸಿಪ್ಪೆಯನ್ನು ಚೀಲಗಟ್ಟಲೆ ತಂದು ಗೋಲಿನ ಮುಂದೆ ಸುರಿದೆವು. "ಹಾಸು ಎತ್ರಿ! ಹುಡುಗನ್ ಬಿಡ್ರಿ!" ಎಂದು ಕೂಗಿದೆವು. ರೆಫ್ರಿ ಗುಡಿಸಿ ತೆಗೆಸುತ್ತಿದ್ದ, ನಾವು ಮತ್ತೆ ಸುರಿಯುತ್ತಿದ್ದೆವು. ಪೊಲೀಸರು ಬಂದು ಲಾಠಿ ತೋರಿಸಿದರು. ಮಾಲೀಕರು ಜನರಿಗೂ ಆಟಕ್ಕೂ ನಡುವೆ ಬಲೆಯ ಬೇಲಿ ಕಟ್ಟಿಸಿದರು.

ನಿಜ ಹೇಳಬೇಕೆಂದರೆ ನಮ್ಮಲ್ಲೇ ಎರಡು ಪಂಗಡ. ಈ ತಂಡ ಎಂದೂ ಕಪ್ ಗೆದ್ದಿಲ್ಲ. "ಫೈನಲ್ ಆದ್ಮೇಲೆ ಕರ್ಕಂಡು ಹೋಗ್ಲಿ ಬಿಡ್ರಲೇ, ಅವನೇನು ಎಲ್ಲಿಗಾದ್ರೂ ಓಡಿಹೋಗ್ತಾನಾ?" ಎನ್ನುವವರು ಅರ್ಧ ಊರು. ಚಿರಂಜೀವಿ ಜೊತೆ ಒಂದೇ ತಟ್ಟೆಯಲ್ಲಿ ಉಂಡವರೇ ಹಾಗೆ ಹೇಳುತ್ತಿದ್ದರು. ಕೇಳಿ ನನಗೆ ಮೈ ಉರಿಯುತ್ತಿತ್ತು.

ಸೆಮಿಫೈನಲ್ಲಿಗೆ ನಾವೊಂದು ಉಪಾಯ ಮಾಡಿದೆವು. ಒಬ್ಬೊಬ್ಬರೂ ಮನೆಯಲ್ಲಿದ್ದ ಹಳೇ ಚೆಂಡು ಹಿಡಿದುಕೊಂಡು ಒಳಗೆ ಹೋದೆವು. ಆಟ ಜೋರಾಗಿದ್ದಾಗ ನಾನು ಶಿಳ್ಳೆ ಹಾಕಿದೆ. ಎಲ್ಲರೂ ಬೇಲಿ ಹಾರಿ, ಹುಣಸೆಮರದ ಕಡೆಯ ಗೋಲಿಗೆ ಒಟ್ಟಿಗೇ ಚೆಂಡು ಒದ್ದೆವು. ಯಾವುದು ಆಟದ ಚೆಂಡು, ಯಾವುದು ನಮ್ಮದು ಎಂದು ರೆಫ್ರಿಗೆ ತಿಳಿಯದೆ ಪಂದ್ಯ ನಿಲ್ಲಬೇಕು, ಅಷ್ಟೇ ನಮ್ಮ ಲೆಕ್ಕ. ಅಜ್ಜಪ್ಪ ತಲೆ ಮುಚ್ಚಿಕೊಂಡು ಪಕ್ಕಕ್ಕೆ ಓಡಿದ. ಗೋಲಿನಲ್ಲಿ ಯಾರೂ ಇರಲಿಲ್ಲ.

ಆಲಿಕಲ್ಲು ಬಿದ್ದ ಹಾಗೆ ಚೆಂಡು ಬಿದ್ದವು. ಟಪ್, ಟಪ್, ಟಪ್, ಟಪ್. ಅಂಗೈ ಸದ್ದು ಬಿಡುವಿಲ್ಲದೆ ಕೇಳಿಸಿತು. ಧೂಳು ಇಳಿದ ಮೇಲೆ ನೋಡಿದರೆ ಬಲಗಡೆಯ ಬಲೆ ತುಂಬ ಚೆಂಡು. ಎಡಗಡೆ ಒಂದೂ ಇಲ್ಲ. ಎಡಗಂಬದ ಹತ್ತಿರ ಬಲೆ ಮಾತ್ರ, ಗಾಳಿಯೇ ಇಲ್ಲದೆ, ಏದುಸಿರು ಬಿಡುವವನ ಬೆನ್ನಿನ ಹಾಗೆ ಏರಿಳಿಯುತ್ತಿತ್ತು.

ಕಾಟಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

"ಒಬ್ನೇ ಎಷ್ಟು ಅಂತ ತಡೀತಾನೆ? ಸಾಕು ಮಾಡ್ರಪ್ಪಾ. ನನ್ ಮಗನ್ನ ಸುಸ್ತು ಮಾಡಬ್ಯಾಡ್ರಿ."

ನಾನೇ ಒದ್ದಿದ್ದ ಚೆಂಡು ಎಲ್ಲಿದೆ ಎಂದು ಹುಡುಕುವುದಕ್ಕೂ ನನಗೆ ನಾಚಿಕೆಯಾಯಿತು. ಅವತ್ತಿನಿಂದ 'ಫೈನಲ್ ಆದ್ಮೇಲೆ' ಎನ್ನುವ ಮಾತನ್ನು ಊರಿನಲ್ಲಿ ಹೆಚ್ಚಿನವರು ಬಿಟ್ಟರು. ಆದರೆ ಪಂದ್ಯ ಮತ್ತೆ ಆಡಿಸಿದರು, ನಮ್ಮ ತಂಡ ಗೆದ್ದಿತು. ಫೈನಲ್ ನಮ್ಮ ಗ್ರೌಂಡಿನಲ್ಲೇ, ಮೊಳಕಾಲ್ಮುರು ತಂಡದ ಮೇಲೆ. ನಾನು ಹರಕೆ ಹೊತ್ತದ್ದು ಆಗಲೇ. ಗೆದ್ದರೆ ಆ ಹುಡುಗನನ್ನು ಮುಂದಿನ ವರ್ಷಕ್ಕೂ ನಿಲ್ಲಿಸಿಕೊಳ್ಳುತ್ತಾರೆ ಎಂಬ ಭಯ ನನಗೆ.

ಫೈನಲ್ಲಿನ ದಿನ ಗೇಟಿನಲ್ಲಿ ಜೇಬು ತಡವಿ ಒಳಗೆ ಬಿಟ್ಟರು. ಕಾಟಮ್ಮನನ್ನು ಯಾರೂ ತಡೆಯಲಿಲ್ಲ. ಅವಳ ಕೈಯಲ್ಲಿ ಚೆಂಡೂ ಇರಲಿಲ್ಲ, ಚೀಲವೂ ಇರಲಿಲ್ಲ. ಅರ್ಧ ಆಟ ಮುಗಿದು ನಮ್ಮವರು ಹುಣಸೆಮರದ ಕಡೆಗೆ ಬಂದರು. ಇನ್ನೂ ಯಾರದ್ದೂ ಗೋಲಾಗಿರಲಿಲ್ಲ. ಆಗ ಹಿಂದಿನ ಗೇಟು ಕಿರ್ರೆಂದಿತು. ಕಾರು ಒಳಗೆ ಬರುವ ಗೇಟು ಅದು, ಅದರ ಕೀಲಿ ಚಿಕ್ಕಬಸಪ್ಪನ ಕೈಯಲ್ಲಿ. ತೆರೆದ ಗೇಟಿನಿಂದ ದೇವರ ಎತ್ತು ಒಳಗೆ ಬಂತು. ಹಿಂದೆ ಬರಿಗಾಲಿನಲ್ಲಿ, ಕಂಬಳಿ ಹೊದ್ದ ಸೂರಪ್ಪ.

ಎತ್ತು ಅವಸರ ಮಾಡಲಿಲ್ಲ. ಆಟದ ನಡುವೆಯೇ ನಡೆದುಕೊಂಡು ಬಂತು. ನಮ್ಮ ಹುಡುಗರು ಆಟ ನಿಲ್ಲಿಸಿ ಬೂಟು ಬಿಚ್ಚಿದರು. ಮೊಳಕಾಲ್ಮುರಿನ ಹುಡುಗರೂ ಬಿಚ್ಚಿದರು. ಅವರ ಕಡೆಯೂ ದೇವರ ಎತ್ತುಗಳಿವೆ. ರೆಫ್ರಿ ಹೊರ ಜಿಲ್ಲೆಯವನು, ಶಿಳ್ಳೆ ಊದಿ ಊದಿ ಸುಮ್ಮನಾದ. ಪೇದೆಯೊಬ್ಬ ಲಾಠಿ ಎತ್ತಿಕೊಂಡು ಬಂದವನು, ಹತ್ತಿರ ಬಂದು ನೋಡಿ, ಲಾಠಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೈ ಮುಗಿದ.

ಎತ್ತು ಎಡಗಂಬದ ಹತ್ತಿರ ಹೋಗಿ ಹಾಸನ್ನು ಮೂಸಿ ನಿಂತಿತು.

"ಲೇ ಅಜ್ಜಪ್ಪ, ಆ ಎತ್ತನ್ನ ಆಚೆ ಹೊಡಿಯೋ!" ವಿಶ್ವನಾಥ್ ಪೆಂಡಾಲಿನಿಂದ ಕಿರುಚಿದರು.

ಅಜ್ಜಪ್ಪ ಗ್ಲೌಸು ಬಿಚ್ಚಿದ. ಮಂಡಿಯೂರಿ ಕುಳಿತು ಹಾಸಿನ ಮೊಳೆ ಕೀಳತೊಡಗಿದ. ಉಗುರಿನಿಂದ ರಕ್ತ ಬಂದರೂ ಬಿಡಲಿಲ್ಲ. ನಾನೂ ಹೋಗಿ ಕೂತೆ, ಬಜ್ಜಿ ತಿರುವುವ ಕಬ್ಬಿಣದ ಕಡ್ಡಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಬಂದಿದ್ದೆ. ಕೊನೆಯ ಮೊಳೆ ಬಂದಾಗ ಹಾಸಿನ ಅಡಿಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಬೇಸಿಗೆಯ ನಡುಮಧ್ಯಾಹ್ನದಲ್ಲಿ ಆ ತಂಪು ಎಲ್ಲಿಂದ ಬಂತೋ. ಅಡಿಯಲ್ಲಿ ಮಣ್ಣು ಇನ್ನೂ ಕಪ್ಪಾಗಿತ್ತು.

ಕಾಟಮ್ಮ ಬಂದು ಒಂದು ಹಿಡಿ ತೆಗೆದು ಸೆರಗಿಗೆ ಕಟ್ಟಿದಳು. ಅವಳ ತವರು ಮೊಳಕಾಲ್ಮುರಿನ ಆಚೆ, ಆಂಧ್ರದ ಗಡಿಯಲ್ಲಿ. ಮಗನ ಜೊತೆ ಮನೆಯಲ್ಲಿ ತೆಲುಗೇ.

"ರಾ ನಾಯನಾ, ಚಿರಂಜೀವಿ. ಇಂಟಿಕಿ ಪೋದಾಂ ರಾ."

ಬಾರಪ್ಪ, ಮನೆಗೆ ಹೋಗೋಣ ಬಾ. ಅಷ್ಟೇ. ಆಟ ಆಡಿ ಹೊತ್ತು ಮಾಡಿದ ಮಗನನ್ನು ಕರೆಯುವ ಧ್ವನಿ.

ಎತ್ತು ಕಿವಿ ಅಲ್ಲಾಡಿಸಿತು. ಆಮೇಲೆ ತಾನಾಗಿ ತಿರುಗಿ ಹಿಂದಿನ ಗೇಟಿನ ಕಡೆ ಹೊರಟಿತು. ಹಗ್ಗ ಸೂರಪ್ಪನ ಹೆಗಲ ಮೇಲೇ ಇತ್ತು. ಎತ್ತಿನ ಹಿಂದೆ ಕಾಟಮ್ಮ ನಡೆದಳು.

ಅಷ್ಟರಲ್ಲಿ ವಿಶ್ವನಾಥ್ ಓಡಿಹೋಗಿ ಚಿಕ್ಕಬಸಪ್ಪನಿಂದ ಕೀಲಿ ಕಿತ್ತುಕೊಂಡು ಆ ಗೇಟು ಮುಚ್ಚಿ ಬೀಗ ಹಾಕಿದ್ದರು. ಕೀಲಿ ಮುಷ್ಟಿಯಲ್ಲಿಟ್ಟುಕೊಂಡು ಗೇಟಿಗೆ ಬೆನ್ನು ಕೊಟ್ಟು ನಿಂತರು.

"ಇನ್ನರ್ಧ ಆಟ ಕಾಟಮ್ಮಾ. ಅರ್ಧ ಆಟ ನಿಂತ್ಕೋ. ಆಮೇಲೆ ನಾನೇ ತೆಗೀತೀನಿ."

ಅವಳು ನಿಲ್ಲುವಂತಿಲ್ಲ. ನಿಂತರೆ ಅವನೂ ನಿಲ್ಲುತ್ತಾನೆ, ಮತ್ತೆ ಕರೆದರೆ ಬರುತ್ತಾನೋ ಇಲ್ಲವೋ. ಕಾಟಮ್ಮ ಹೆಜ್ಜೆ ಚಿಕ್ಕದು ಮಾಡಿದಳು, ನಿಲ್ಲಿಸಲಿಲ್ಲ. ಎತ್ತು ನೆಟ್ಟಗೆ ಹೋಗಿ ವಿಶ್ವನಾಥ್ ಅವರ ಎದೆಗೆ ಮೂತಿ ತಾಗುವಷ್ಟು ಹತ್ತಿರವಾಯಿತು. ನಾನು ಕೂಗಿದೆ, "ತೆಗೀರಿ ಸಾವ್ಕಾರ್ರೇ! ಸೋತ್ರೆ ಸೋಲ್ತೀವಿ, ತೆಗೀರಿ!" ನನ್ನ ಹಿಂದೆ ಇಡೀ ಗ್ರೌಂಡು ಕೂಗಿತು. ಕಪ್ ಬೇಕು ಎನ್ನುತ್ತಿದ್ದವರ ಗಂಟಲೇ ಎಲ್ಲಕ್ಕಿಂತ ಜೋರಾಗಿತ್ತು.

ಆದರೆ ವಿಶ್ವನಾಥ್ ನಮ್ಮ ಕೂಗು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಕಾಟಮ್ಮನ ಹಿಂದೆ ಏನನ್ನೋ ನೋಡುತ್ತಿದ್ದರು. ಮುಖದಲ್ಲಿ ರಕ್ತವೇ ಇಲ್ಲ. ತಿರುಗಿ ಬೀಗಕ್ಕೆ ಕೀಲಿ ಹಾಕಿದರು. ಗೇಟು ತೆರೆದು ಪಕ್ಕಕ್ಕೆ ಸರಿದರು. ಎತ್ತು ಹೋಯಿತು, ಸೂರಪ್ಪ ಹೋದ, ಕಾಟಮ್ಮ ಹೋದಳು. ವಿಶ್ವನಾಥ್ ಗೇಟು ಮುಚ್ಚಲು ಕೈ ಚಾಚಿದವರು, ಸಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, ಗೋಡೆಗೆ ಬೆನ್ನು ಹತ್ತಿಸಿ ಇನ್ನೊಮ್ಮೆ ದಾರಿ ಬಿಟ್ಟರು. ಅಲ್ಲಿ ಯಾರೂ ಇರಲಿಲ್ಲ. ಕೆಂಪು ಧೂಳಿನಲ್ಲಿ ಕಾಟಮ್ಮನ ಹೆಜ್ಜೆಗಳ ಹಿಂದೆ ಸ್ವಲ್ಪ ಧೂಳು ಮತ್ತೆ ಎದ್ದದ್ದನ್ನು ನಾನು ಕಂಡೆ.

ಆಟ ಮತ್ತೆ ಶುರುವಾಯಿತು. ಮೊಳಕಾಲ್ಮುರಿನ ಕುಳ್ಳ ಹುಡುಗನೊಬ್ಬ ಚೆಂಡು ಕೊಂಡೊಯ್ದು ಎಡಗಂಬಕ್ಕೆ ಗುರಿಯಿಟ್ಟು ಹೊಡೆದ. ಅಜ್ಜಪ್ಪ ಮೊದಲ ಸಲ ಎಡಕ್ಕೆ ಹಾರಿದ, ಕೈಗೆ ಸಿಗಲಿಲ್ಲ. ಚೆಂಡು ಯಾವ ಸದ್ದೂ ಇಲ್ಲದೆ ಬಲೆಯೊಳಗೆ ಹೋಗಿ ಬಿತ್ತು.

ನಮ್ಮವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋಲು ಹೊಡೆದ ಹುಡುಗ ಕಕ್ಕಾಬಿಕ್ಕಿಯಾಗಿ ನಮ್ಮ ಕಡೆ ನೋಡಿದ. ಅಜ್ಜಪ್ಪ ಮಣ್ಣಿನಿಂದ ಮುಖ ಎತ್ತಿ, "ಜಾಗ ಐತೆ ಬೊಮ್ಮಣ್ಣ, ಈಗ ಜಾಗ ಐತೆ!" ಎಂದು ಕೂಗಿದ. ಕಪ್ ಮೊಳಕಾಲ್ಮುರಿಗೆ ಹೋಯಿತು.

ಸಂಜೆ ಎಲ್ಲರೂ ಹೋದ ಮೇಲೆ ಒಲೆ ಆರಿಸಿ ಕೂತೆ. ಈ ಹೊತ್ತಿಗೆ ಕೇಳಿಸಬೇಕಾದ ಟಪ್ ಟಪ್‌ಗೆ ಕಿವಿಗೊಟ್ಟೆ. ಕತ್ತಲಾಗುವವರೆಗೂ ಕಾದೆ. ಏನೂ ಕೇಳಿಸಲಿಲ್ಲ. ಹೋದ ವರ್ಷ ಅವನ ಹೆಣಕ್ಕೆ ಹೆಗಲು ಕೊಟ್ಟಾಗಲೂ ಅಳು ಬಂದಿರಲಿಲ್ಲ ನನಗೆ. ಅವತ್ತು ಬಂತು. ಚಿರಂಜೀವಿ ಇನ್ನಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ.